ಕೆನ್ನೆಯ ಕೆಂಪು, ಹೊಟ್ಟೆಯ ಗುಟ್ಟು

"ಯಾರ ಮ್ಯಾಲ ಸಿಟ್ಟು ಬಂದೇತಿ? ಮುಖ ಹಿಂಗ್ಯಾಕ ಕೆಂಪಾಗೇತಿ?" ಧಾರವಾಡದ ಸಂತೆಯಲ್ಲಿ ತರಕಾರಿ ಮಾರುವ ಅಜ್ಜಿ ಕೇಳಿದಾಗ ನಗು ಬಂತು. ಸಿಟ್ಟೇನೂ ಇರಲಿಲ್ಲ. ನಲವತ್ತು ದಾಟಿದ ಮೇಲೆ ಆಗಾಗ ನನ್ನ ಮೂಗು, ಕೆನ್ನೆ ಉರಿದು ಕೆಂಪಾಗುತ್ತಿದ್ದವು. ಜೊತೆಗೆ ಸಣ್ಣ ಗುಳ್ಳೆಗಳು.

"ಹೊಟ್ಟೀ ಉಷ್ಣ" ಎಂದರು ಅತ್ತೆ. ದಿನಾ ಬೆಳಿಗ್ಗೆ ಜೀರಿಗೆ ಕಷಾಯ ಶುರುವಾಯಿತು. ನಾನೂ ಸುಮ್ಮನಿರದೆ ನಿಂಬೆರಸಕ್ಕೆ ಅರಿಸಿನ ಕಲಸಿ ಹಚ್ಚಿದೆ. ಉರಿ ತಾಳದೆ ನಲ್ಲಿಗೆ ಮುಖ ಒಡ್ಡಿ ನಿಂತೆ. ಆಮೇಲೆ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಕ್ಕ ಒಂದು ಮುಲಾಮು. ವಾರದಲ್ಲೇ ಮುಖ ತಿಳಿಯಾಯಿತು. ನಿಲ್ಲಿಸಿದರೆ ಮೊದಲಿಗಿಂತ ಹೆಚ್ಚು ಕೆಂಪು. ಮತ್ತೆ ಹಚ್ಚು, ಮತ್ತೆ ಕೆಂಪು. ಹೀಗೆ ಎಂಟು ತಿಂಗಳು ಕಳೆದೆ.

ಕೊನೆಗೆ ಹುಬ್ಬಳ್ಳಿಯ ಚರ್ಮವೈದ್ಯರೊಬ್ಬರಿಗೆ ತೋರಿಸಿದೆ. ಟ್ಯೂಬು ನೋಡಿದ ಕೂಡಲೇ ಅವರ ಹುಬ್ಬು ಗಂಟಿಕ್ಕಿತು. ನನಗಿದ್ದದ್ದು ರೊಸೇಶಿಯಾ, ಅದರ ಮೇಲೆ ಸ್ಟೀರಾಯ್ಡ್ ಮುಲಾಮಿನ ಪೆಟ್ಟು. ಕಂದು ಮೈಬಣ್ಣದಲ್ಲಿ ಈ ಕೆಂಪು ಅಡಗಿಕೊಳ್ಳುವುದರಿಂದ ನಮ್ಮಲ್ಲಿ ಎಷ್ಟೋ ಜನ ಇದನ್ನು ಮೊಡವೆ ಎಂದೇ ತಿಳಿಯುತ್ತಾರಂತೆ.

"ಹಾಗಾದರೆ ಹೊಟ್ಟೆಗೂ ಇದಕ್ಕೂ ಸಂಬಂಧವೇ ಇಲ್ಲವೇ?" ಅತ್ತೆಯ ಪರವಾಗಿ ಕೇಳಿದೆ.

ಇದೆಯಂತೆ. 2008ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ 113 ರೊಸೇಶಿಯಾ ರೋಗಿಗಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಸಣ್ಣಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದಿದ್ದವು. ಅದಕ್ಕೆ ಔಷಧಿ ಕೊಟ್ಟಾಗ ಹಲವರ ಮುಖವೂ ತಿಳಿಯಾಯಿತು. ಹಾಗೆಂದು ಎಲ್ಲರಿಗೂ ಹೊಟ್ಟೆಯೇ ಕಾರಣವಲ್ಲ. ಸದಾ ಹೊಟ್ಟೆ ಉಬ್ಬರ, ಭೇದಿ ಇರುವವರು ಅದನ್ನು ಬೇರೆಯಾಗಿ ಪರೀಕ್ಷಿಸಿಕೊಳ್ಳಬೇಕು. ನನಗೆ ಅಂಥದ್ದೇನೂ ಇರಲಿಲ್ಲ. "ಏನು ತಿಂದಾಗ, ಎಲ್ಲಿ ಹೋದಾಗ ಕೆಂಪಾಗುತ್ತದೆ ಬರೆದಿಡಿ" ಎಂದರು.

ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಆರು ವಾರ ಬರೆದೆ. ಮಧ್ಯಾಹ್ನದ ಬಿಸಿಲಲ್ಲಿ ಸ್ಕೂಟರ್: ಕೆಂಪು. ಮಿರ್ಚಿ ಭಜಿ: ಕೆಂಪು. (ನಮ್ಮೂರಲ್ಲಿ ಮಳೆ ಬಂದರೂ ಮಿರ್ಚಿ, ಬೇಸರ ಬಂದರೂ ಮಿರ್ಚಿ!) ರೊಟ್ಟಿಗೆ ರಂಜಕ: ಕೆಂಪು. ಆದರೆ ದಿನವೂ ತಪ್ಪದೆ ಕೆಂಪಾಗುತ್ತಿದ್ದದ್ದು ಬೆಳಿಗ್ಗೆ ಏಳಕ್ಕೆ, ಕುದಿಕುದಿ ಕಷಾಯ ಕುಡಿದ ಮೇಲೆ!

ಜೀರಿಗೆಯ ತಪ್ಪಲ್ಲ, ಕುದಿಯ ತಪ್ಪು. ಮೆಣಸಿನಕಾಯಿಯ ಖಾರವೂ ಬಿಸಿಯೂ ನಮ್ಮ ನರಗಳಲ್ಲಿ ಒಂದೇ ಬಾಗಿಲು ತಟ್ಟುತ್ತವೆ. ಆ ಬಾಗಿಲನ್ನು ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಸಂದಿದೆ. ಅದು ತೆರೆದಾಗ ಮುಖದ ರಕ್ತನಾಳಗಳು ಹಿಗ್ಗುತ್ತವೆ. ರೊಸೇಶಿಯಾ ಇದ್ದವರಲ್ಲಿ ತುಸು ಹೆಚ್ಚಾಗಿಯೇ.

ಸ್ಟೀರಾಯ್ಡ್ ಬಿಡುವುದೇ ಕಷ್ಟವಾಯಿತು. ಮೊದಲ ಮೂರು ವಾರ ಕನ್ನಡಿ ನೋಡಲಿಲ್ಲ, ಮದುವೆಯೊಂದಕ್ಕೂ ಹೋಗಲಿಲ್ಲ. ವೈದ್ಯರು ಕೊಟ್ಟ ಮುಲಾಮು, ಹೊರಗೆ ಹೊರಟರೆ ಸನ್‌ಸ್ಕ್ರೀನ್ ಮತ್ತು ಕೊಡೆ, ಮುಖಕ್ಕೆ ಬರೀ ತಣ್ಣೀರು, ಸೌಮ್ಯ ಸೋಪು. ನಿಂಬೆ, ಅರಿಸಿನ ಅಡುಗೆಮನೆಗೆ ಮರಳಿದವು. ಉರಿ ಇಳಿಯಲು ನಾಲ್ಕು ತಿಂಗಳು ಹಿಡಿಯಿತು.

ಅತ್ತೆ ಸೋಲೊಪ್ಪಲಿಲ್ಲ. ಈಗ ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿಯಲ್ಲೇ ನನಗೆ ಬೇರೆ ಚಟ್ನಿ ಮಾಡುತ್ತಾರೆ. ಕಷಾಯವನ್ನೂ ಬಿಟ್ಟಿಲ್ಲ, ಲೋಟ ಮುಂದಿಟ್ಟು, "ಆರಲಿ, ಆಮ್ಯಾಲ ಕುಡಿ" ಎನ್ನುತ್ತಾರೆ.