ಹಾರ್ನ್ ಬದಲಿಸುವ ಮೊದಲು

ಪುಣೆಯ ಕನ್ನಡಿಗರಿಗೆ ಸಾಸವಡದ ದಾರಿ ಅಪರಿಚಿತವಲ್ಲ. ಜೇಜುರಿಯ ಖಂಡೋಬನನ್ನು ಮೈಲಾರಲಿಂಗನೆಂದೇ ಭಾವಿಸಿ ನಡೆದುಕೊಳ್ಳುವ ಮನೆತನಗಳು ನಮ್ಮಲ್ಲಿ ಅನೇಕ. ಅವರೆಲ್ಲ ಹಡಪಸರವನ್ನು ದಾಟಿ, ದಿವೆ ಘಾಟನ್ನೇರಿ, ಸೋಪಾನದೇವರ ಸಮಾಧಿಯಿರುವ ಸಾಸವಡದ ಮೇಲಿಂದಲೇ ಸಾಗುವವರು. ಆಷಾಢದಲ್ಲಿ ಜ್ಞಾನೇಶ್ವರರ ಪಾಲಖಿಯೂ ಇದೇ ಘಾಟನ್ನು ಹತ್ತುತ್ತದೆ. ಆ ದಿನ ಅಲ್ಲಿ ಕೇಳಿಬರುವುದು ತಾಳ ಮೃದಂಗಗಳ ನಾದ; ಉಳಿದ ದಿನಗಳಲ್ಲಿ ಹಾರ್ನುಗಳ ಆರ್ಭಟ.

ಘಾಟಿನ ತಿರುವುಗಳಲ್ಲಿ ಹಾರ್ನ್ ಅನಾವಶ್ಯಕವೆಂದು ಯಾರೂ ಹೇಳಲಾರರು. ಎದುರಿಗೆ ಬರುವ ಲಾರಿ ಕಾಣಿಸದೆಡೆಯಲ್ಲಿ ಶಬ್ದವೇ ಕಣ್ಣಿನ ಕೆಲಸವನ್ನು ಮಾಡಬೇಕು. ಚಿಂತೆಗೆ ಕಾರಣವಾದುದು ಬೇರೆ: ವಾಹನದೊಡನೆ ಬಂದ ಹಾರ್ನ್ ಸಾಲದೆಂದು ಅದನ್ನು ಕಿತ್ತು, ಸ್ಕೂಟರಿಗೆ ಲಾರಿಯ ಕಂಠವನ್ನು ಕಟ್ಟಿಸಿಕೊಳ್ಳುವ ಚಪಲ.

ಈ ವಿಷಯದಲ್ಲಿ ಸಮುದ್ರದ ಪದ್ಧತಿಯನ್ನು ಗಮನಿಸಬಹುದು. ಮಲ್ಪೆಯಲ್ಲಾಗಲಿ ಮಂಗಳೂರಿನಲ್ಲಾಗಲಿ, ಯಂತ್ರದೋಣಿಯ ಹಾರ್ನಿಗೆ ಉಪ್ಪುಗಾಳಿಯ ತುಕ್ಕು ತಪ್ಪದು. ಆಗಾಗ ಬದಲಿಸುವುದು ಅನಿವಾರ್ಯ. ಆದರೆ ಅಲ್ಲಿ ಹಾರ್ನಿಗೊಂದು ವ್ಯಾಕರಣವಿದೆ. 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ, ಒಂದನ್ನೊಂದು ಕಾಣುತ್ತಿರುವ ಯಂತ್ರನೌಕೆಗಳ ನಡುವೆ ಸುಮಾರು ಒಂದು ಸೆಕೆಂಡಿನ ಒಂದು ಕೂಗು ಎಂದರೆ ‘ಬಲಕ್ಕೆ ತಿರುಗುತ್ತಿದ್ದೇನೆ’, ಎರಡಾದರೆ ಎಡಕ್ಕೆ, ಮೂರಾದರೆ ‘ಯಂತ್ರವನ್ನು ಹಿಮ್ಮುಖವಾಗಿ ನಡೆಸುತ್ತಿದ್ದೇನೆ’, ಐದು ಅಥವಾ ಹೆಚ್ಚು ಸಲ ಬೇಗಬೇಗನೆ ಕೂಗಿದರೆ ‘ನಿನ್ನ ಉದ್ದೇಶ ನನಗೆ ತಿಳಿಯುತ್ತಿಲ್ಲ’. 12 ಮೀಟರಿಗಿಂತ ಚಿಕ್ಕ ದೋಣಿಗೆ ಹಡಗಿನ ಸೀಟಿ ಕಡ್ಡಾಯವಲ್ಲ. ಪರಿಣಾಮಕಾರಿಯಾದ ಧ್ವನಿಸಾಧನವೊಂದಿದ್ದರೆ ಸಾಕು. ನಮ್ಮ ರಸ್ತೆಯ ಹಾರ್ನಿಗೆ ಇರುವುದು ಒಂದೇ ಅರ್ಥ: ‘ಸರಿ ಅತ್ತ!’

ಇದರ ಬೆಲೆಯನ್ನು ತೆರುವುದು ಕಿವಿ. ಒಳಗಿವಿಯ ಶಂಖಾಕಾರದ ಸುರುಳಿಯಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಹುಟ್ಟುವಾಗ ಬಂದವೇ ಕೊನೆಯವರೆಗೆ. ಸತ್ತ ಕೋಶ ಮಾನವನಲ್ಲಿ ಮತ್ತೆ ಹುಟ್ಟದು. ಶಬ್ದವನ್ನಳೆಯುವ ಡೆಸಿಬೆಲ್ ಎಂಬ ಮಾನವೂ ಮೋಸಗೊಳಿಸುವಂಥದು: 10 ಹೆಚ್ಚಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. 85 ಡೆಸಿಬೆಲ್ ಶಬ್ದವನ್ನು ಕಿವಿ ದಿನಕ್ಕೆ 8 ಗಂಟೆಗಳ ಕಾಲ ತಾಳೀತೆಂಬುದು ತಜ್ಞರ ಲೆಕ್ಕ. ಅದರ ಮೇಲೆ 3 ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ಲಿಗೆ ಉಳಿಯುವುದು ಕೇವಲ 15 ನಿಮಿಷ. ಹತ್ತಿರದಲ್ಲಿ ಮೊಳಗುವ ಪ್ರೆಶರ್ ಹಾರ್ನ್ ಇದನ್ನು ಸುಲಭವಾಗಿ ಮೀರುತ್ತದೆ. ಒಮ್ಮೆ ಕೇಳಿ ಮುಂದೆ ಸಾಗುವ ಪ್ರಯಾಣಿಕನಿಗಿಂತ, ದಿನವಿಡೀ ಕೇಳುವ ರಿಕ್ಷಾ ಚಾಲಕ, ಚೌಕದ ಪೊಲೀಸ್, ರಸ್ತೆಬದಿಯ ಹೋಟೆಲಿನ ಗಲ್ಲೆಯಲ್ಲಿ ಕುಳಿತ ನಮ್ಮ ಉಡುಪಿಯ ಬಂಧು, ಇವರಿಗೇ ಅಪಾಯ ಹೆಚ್ಚು.

ಹಾನಿ ಮೆಲ್ಲನೆ ಬರುತ್ತದೆ, ನೋವಿಲ್ಲದೆ ಬರುತ್ತದೆ. ಮೊದಲು ಕೆಡುವುದು 4000 ಹರ್ಟ್ಸ್ ಆಸುಪಾಸಿನ ಕೀರಲು ಧ್ವನಿಯನ್ನು ಗ್ರಹಿಸುವ ಶಕ್ತಿ. ಆಗ ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಸ್ವರಾಕ್ಷರಗಳು ಉಳಿದು ಸ, ಶ ಮುಂತಾದ ವ್ಯಂಜನಗಳು ಜಾರಿಹೋಗುತ್ತವೆ. ಸೊಸೆ ಬಾಯೊಳಗೇ ಮಾತನಾಡುತ್ತಾಳೆಂದು ಮಾವನವರು ದೂರುವಲ್ಲಿ ಎಷ್ಟೋ ಸಲ ತಪ್ಪು ಸೊಸೆಯದಲ್ಲ.

ಹಾರ್ನ್ ಕ್ಷೀಣಿಸಿತೆಂದು ಹೊಸದನ್ನು ಕೊಳ್ಳುವ ಮೊದಲು ಬ್ಯಾಟರಿ, ತಂತಿಯ ಜೋಡಣೆ, ಅರ್ಥಿಂಗುಗಳನ್ನು ಮೆಕ್ಯಾನಿಕನಿಂದ ನೋಡಿಸುವುದು ಮೇಲು. ದೋಷ ಹಲವು ಸಲ ಅಲ್ಲಿಯೇ ಇರುತ್ತದೆ. ಅನೇಕ ಹಾರ್ನುಗಳಲ್ಲಿ ಧ್ವನಿಯನ್ನು ಹೊಂದಿಸುವ ತಿರುಪೂ ಉಂಟು. ಬದಲಿಸಲೇಬೇಕಾದರೆ ಆ ವಾಹನಕ್ಕೆ ತಯಾರಕರು ಹೇಳಿದ ವೋಲ್ಟೇಜು, ಆಂಪಿಯರುಗಳದ್ದನ್ನೇ ಕೊಳ್ಳತಕ್ಕದ್ದು. ಹೆಚ್ಚು ವಿದ್ಯುತ್ತನ್ನೆಳೆಯುವ ಹಾರ್ನನ್ನು ರಿಲೇ ಇಲ್ಲದೆ ಜೋಡಿಸಿದರೆ ಸ್ವಿಚ್ಚು ಸುಟ್ಟೀತು. ಹಲವು ಸ್ವರಗಳ, ಕರ್ಕಶವಾದ ಹಾರ್ನುಗಳನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ನಿಷೇಧಿಸಿವೆ. ಶಬ್ದಮಾಲಿನ್ಯ ನಿಯಮಗಳಿಗೆ 2010ರಲ್ಲಿ ಆದ ತಿದ್ದುಪಡಿಯಂತೆ, ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತುರ್ತು ಪ್ರಸಂಗದ ಹೊರತು ಹಾರ್ನ್ ಬಾರಿಸುವಂತೆಯೇ ಇಲ್ಲ. ಇದನ್ನು ಬಲ್ಲವರೆಷ್ಟು ಮಂದಿಯೋ!

ಕಿವಿಯಲ್ಲಿ ಗುಂಯ್ಗುಡುವಿಕೆ ನಿಲ್ಲದಿದ್ದರೆ, ಗುಂಪಿನಲ್ಲಿ ಮಾತು ಹಿಡಿಯಲಾಗದಿದ್ದರೆ, ತಡಮಾಡದೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆ ಪರೀಕ್ಷೆಯ ಒಂದು ಭಾಗದಲ್ಲಿ ಪದಗಳನ್ನು ಕೇಳಿಸಿ, ತಿರುಗಿ ಹೇಳಿಸುತ್ತಾರೆ. ಪದಗಳು ಕೇಳುವವರ ಮಾತೃಭಾಷೆಯವಾಗಿರಬೇಕು. ಇಲ್ಲವಾದರೆ ಭಾಷೆಯ ಕೊರತೆಯೇ ಕಿವಿಯ ಕೊರತೆಯೆಂದು ತೋರೀತು. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪದಪಟ್ಟಿಗಳು ಸಿದ್ಧವಾಗಿವೆ. ಊರಿನಿಂದ ಬಂದು ನೆಲೆಸಿದ, ಮರಾಠಿ ಬಾರದ ಹಿರಿಯರನ್ನು ಪರೀಕ್ಷೆಗೆ ಕರೆದೊಯ್ಯುವವರು, ಅಂಥ ಪಟ್ಟಿ ಅಲ್ಲಿ ದೊರೆಯುವುದೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.