‘ಭಾಳ ಹೋತ್ರಿ’ ಅಂದರೆ ಎಷ್ಟು?

ಕೃಷ್ಣೆಯ ದಂಡೆಯ ಸತ್ತಿಯಲ್ಲಾಗಲಿ, ಅಥಣಿ, ರಾಯಬಾಗದ ಇನ್ಯಾವ ಹಳ್ಳಿಯಲ್ಲಾಗಲಿ, ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಹಿರಿಯಳೊಬ್ಬಳನ್ನು ‘ಬಾಣಂತಿಗೆ ರಕ್ತ ಎಷ್ಟು ಹೋತು ಯವ್ವಾ?’ ಎಂದು ಕೇಳಿದ್ದರೆ ಉತ್ತರ ಒಂದೇ: ‘ಭಾಳ ಹೋತ್ರಿ, ಸೀರಿ ತೋದು ಹೋತು.’ ಹಾಸಿದ ಹಳೇ ಸೀರೆ, ಅದರಡಿಯ ಗೋಣಿತಟ್ಟು, ಸಾರಿಸಿದ ನೆಲ ಎಲ್ಲವೂ ರಕ್ತ ಹೀರುತ್ತಿದ್ದವು. ಎಷ್ಟು ಹೀರಿದವು ಎಂದು ಹೇಳುವವರಿಲ್ಲ. ದೊಡ್ಡ ದವಾಖಾನೆಯಲ್ಲೂ ಡಾಕ್ಟರು ಬರೆಯುತ್ತಿದ್ದುದು ಕಣ್ಣಂದಾಜನ್ನೇ.

ಆ ‘ಭಾಳ’ ಅಂದರೆ ಎಷ್ಟು ಎಂದು ಹಟ ಹಿಡಿದು ಕೇಳಿದವರು ನಮ್ಮ ಜಿಲ್ಲೆಯವರೇ. 1963ರಲ್ಲಿ ಶುರುವಾದ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದ ಸಹೋದ್ಯೋಗಿಗಳೊಂದಿಗೆ ಸೇರಿ ಒಂದು ಪ್ಲಾಸ್ಟಿಕ್ ಹಾಳೆ ರೂಪಿಸಿದರು. ಬಾಣಂತಿಯ ಕೆಳಗೆ ಹಾಸಿದರೆ ರಕ್ತವೆಲ್ಲ ತುದಿಯ ಚೀಲಕ್ಕೆ ಇಳಿಯುತ್ತದೆ. ಚೀಲದ ಮೇಲೆ ಅಳತೆಯ ಗೆರೆಗಳು. ಹೋಲಿಸಿ ನೋಡಿದಾಗ ಗೊತ್ತಾಯಿತು: ಕಣ್ಣಂದಾಜು ನಿಜವಾದ ಅಳತೆಗಿಂತ ಮೂರರಲ್ಲೊಂದು ಪಾಲು ಕಡಿಮೆ ಹೇಳುತ್ತಿತ್ತು.

ಆ ಹಾಳೆಯನ್ನು ಹಿಡಿದುಕೊಂಡು ಅವರು ಹಳ್ಳಿಗೆ ಹೋದರು. 2002ರಿಂದ 2005ರವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ಹೆರಿಗೆಗಳು. ಹೆರಿಗೆ ಮಾಡಿಸಿದವರು 25 ಮಂದಿ ಎಎನ್‌ಎಂಗಳು, ನಮ್ಮ ಕಡೆಯ ಮಾತಿನಲ್ಲಿ ನರ್ಸಬಾಯಿಯರು. ಅರ್ಧದಷ್ಟು ಬಾಣಂತಿಯರಿಗೆ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದವರಿಗೆ ಔಷಧವಿಲ್ಲದ, ನೋಡಲು ಹಾಗೇ ಇರುವ ಗುಳಿಗೆ. ಅರ್ಧ ಲೀಟರು ಅಥವಾ ಅದಕ್ಕೂ ಹೆಚ್ಚು ರಕ್ತ ಹೋದವರ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಈ ಗುಳಿಗೆಗೆ ಫ್ರಿಜ್ ಬೇಡ, ಸೂಜಿ ಬೇಡ. ಕರೆಂಟು ಹೋದ ಊರಿನಲ್ಲೂ ನರ್ಸಬಾಯಿಯ ಚೀಲದಲ್ಲಿ ಕೆಡದೆ ಇರುತ್ತದೆ. 2006ರಲ್ಲಿ ವೈದ್ಯಕೀಯ ಜರ್ನಲ್ ‘ಲ್ಯಾನ್ಸೆಟ್’ ಈ ಅಧ್ಯಯನದ ಪ್ರಬಂಧವನ್ನು ಅಚ್ಚು ಹಾಕಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯ ರಕ್ತಸ್ರಾವ ತಡೆಯಲು ಈ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಗೆರೆ ಹಾಕಿದ ಹಾಳೆಯ ಆಲೋಚನೆಯೂ ಅಲ್ಲಿಗೇ ನಿಲ್ಲಲಿಲ್ಲ. ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಇಂಥದೇ ಹಾಳೆಯಿಂದ ರಕ್ತ ಅಳೆದು, ತಡಮಾಡದೆ ಚಿಕಿತ್ಸೆ ಕೊಟ್ಟಾಗ ತೀವ್ರ ರಕ್ತಸ್ರಾವ, ಅದರಿಂದಾಗುವ ಶಸ್ತ್ರಚಿಕಿತ್ಸೆ ಮತ್ತು ಸಾವುಗಳು ಒಟ್ಟಾರೆ ಶೇ 60ರಷ್ಟು ಕಡಿಮೆಯಾದವು ಎಂಬ ವರದಿ 2023ರಲ್ಲಿ ಬಂತು.

ರಜೆಗೆ ಊರಿಗೆ ಬರುವ ಎಂಬಿಬಿಎಸ್ ಮಕ್ಕಳಿಗೆ ಈ ಕಥೆಯನ್ನು ಯಾರಾದರೂ ಹೇಳಬೇಕು ಎಂದು ನನಗೆ ಬಹಳ ಅನಿಸುತ್ತದೆ. ಅವರ ಬಾಯಲ್ಲಿ ಈಗ ‘ಪೇಪರ್’, ಅಂದರೆ ಸಂಶೋಧನಾ ಪ್ರಬಂಧ, ಎಂಬ ಮಾತು ಪದೇ ಪದೇ ಬರುತ್ತದೆ: ಎಷ್ಟು ಪೇಪರ್ ಆದವು, ಎಲ್ಲಿ ಹಾಕಿಸುವುದು, ಎಷ್ಟು ದಿನಕ್ಕೆ ಬರುತ್ತದೆ. ಏನನ್ನು ಕೇಳುವುದು ಎಂಬ ಪ್ರಶ್ನೆ ಮಾತ್ರ ಕಿವಿಗೆ ಬೀಳುವುದಿಲ್ಲ.

ಇದರಲ್ಲಿ ಮಕ್ಕಳ ತಪ್ಪು ಕಡಿಮೆ. ಡಾ. ಸಮೀರನ್ ನಂದಿ ಮತ್ತು ಸಂಗಡಿಗರು 2005ರಿಂದ 2014ರವರೆಗಿನ ಲೆಕ್ಕ ತೆಗೆದಾಗ ದೇಶದ 579 ವೈದ್ಯಕೀಯ ಸಂಸ್ಥೆಗಳಲ್ಲಿ 332ರಿಂದ ಹತ್ತು ವರ್ಷದಲ್ಲಿ ಒಂದೇ ಒಂದು ಪ್ರಬಂಧವೂ ಹೊರಬಂದಿರಲಿಲ್ಲ. ಗುರುಗಳೇ ಬರೆಯದ ಕಡೆ ಶಿಷ್ಯರು ಕಲಿಯುವುದು ಯಾರಿಂದ? ಮೇಲೆ ಬಡ್ತಿಗೂ ಪ್ರಬಂಧ ಬೇಕು, ಸ್ನಾತಕೋತ್ತರ ಪದವಿಗೂ ಬೇಕು ಎಂಬ ನಿಯಮಗಳು ಬಂದವು. ಒಳ್ಳೆಯ ಜರ್ನಲ್ಲುಗಳಲ್ಲಿ ಹಲವು ಕೇಳುವ ಶುಲ್ಕ ಸಾವಿರಾರು ಡಾಲರು; ಕಬ್ಬಿನ ಬಿಲ್ಲಿಗೆ ಕಾಯುವ ಮನೆಯ ಹುಡುಗ ಎಲ್ಲಿಂದ ತಂದಾನು? ಈ ಸಂದಿಯಲ್ಲೇ ದುಡ್ಡು ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ, ಓದಿ ತಿದ್ದುವವರೇ ಇಲ್ಲದ ಸುಳ್ಳು ಜರ್ನಲ್ಲುಗಳು ನುಗ್ಗಿದವು. ಅವುಗಳಲ್ಲಿ ಬರೆಯುವವರ ಮುಕ್ಕಾಲು ಪಾಲು ಏಷ್ಯಾ, ಆಫ್ರಿಕಾದವರು ಎಂದು 2015ರ ಒಂದು ಅಧ್ಯಯನ ತೋರಿಸಿತು. ಬಡದೇಶದ ಮಕ್ಕಳ ಹಸಿವನ್ನೇ ಸುಲಿಯುವ ಈ ವ್ಯಾಪಾರ ಕಂಡರೆ ನನಗೆ ಸಿಟ್ಟು ಬರುತ್ತದೆ.

ನೇರ ದಾರಿಯೂ ಒಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಅಧ್ಯಯನಕ್ಕೆ ವೇತನ ಕೊಡುತ್ತ ಬಂದಿದೆ. ಎರಡು ತಿಂಗಳಲ್ಲಿ ಏನಾದೀತು ಎನ್ನಬೇಡಿ. 1869ರಲ್ಲಿ ಬರ್ಲಿನ್ನಿನ ವಿದ್ಯಾರ್ಥಿ ಪೌಲ್ ಲಾಂಗರ್‌ಹಾನ್ಸ್ ಮೇದೋಜೀರಕ ಗ್ರಂಥಿಯಲ್ಲಿ ಬೇರೆಯೇ ಬಗೆಯ ಕೋಶಗಳ ಗುಂಪನ್ನು ಕಂಡ. ಅವು ಏನು ಮಾಡುತ್ತವೆ ಎಂದು ತನಗೆ ತಿಳಿಯದೆಂಬುದನ್ನೂ ಪ್ರಾಮಾಣಿಕವಾಗಿ ಬರೆದಿಟ್ಟ. ಅವು ಇನ್ಸುಲಿನ್ ತಯಾರಾಗುವ ತಾಣವೇ ಆಗಿದ್ದವು. 1921ರ ಬೇಸಿಗೆಯಲ್ಲಿ ಟೊರಾಂಟೊದಲ್ಲಿ ವೈದ್ಯ ಫ್ರೆಡರಿಕ್ ಬ್ಯಾಂಟಿಂಗ್ ಜೊತೆ ಆ ಇನ್ಸುಲಿನ್ನಿಗಾಗಿ ದುಡಿದ ಚಾರ್ಲ್ಸ್ ಬೆಸ್ಟ್ ಇನ್ನೂ ಡಾಕ್ಟರಾಗದ 22ರ ಹುಡುಗ.

ನಮ್ಮ ನೆಲದಲ್ಲಿ ಪ್ರಶ್ನೆಗಳಿಗೇನು ಬರ? 2019ರ ಆಗಸ್ಟಿನಲ್ಲಿ ಕೃಷ್ಣೆ ಮನೆಯೊಳಗೆ ಬಂದಾಗ ಕಾಳಜಿ ಕೇಂದ್ರ ಸೇರಿದವರ ಬಿಪಿ, ಶುಗರ್ ಗುಳಿಗೆ ಎಷ್ಟು ದಿನ ತಪ್ಪಿತು? ಹೊತ್ತು ಮೂಡುವ ಮೊದಲೇ ಕಬ್ಬು ಕಡಿಯಲು ಇಳಿಯುವ ಗ್ಯಾಂಗಿನ ಬಸುರಿ ಹೆಂಗಸು ತಪಾಸಣೆಗೆ ಯಾವ ಊರಿನ ನರ್ಸಬಾಯಿಯ ಬಳಿ ಹೋಗುತ್ತಾಳೆ?

ಇನ್ನೊಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ಆದೇಶಿಸಿತು. ಆದರೆ ಅಥಣಿ ಸೀಮೆಯವರಿಗೆ ಬೆಳಗಾವಿ ನೂರು ಕಿಲೊಮೀಟರಿಗೂ ಆಚೆ. ವೈದ್ಯ ವಾನ್ಲೆಸ್ ಸಾಹೇಬರು ಮಹಾರಾಷ್ಟ್ರದ ಮಿರಜಿನಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದ ಕಾಲದಿಂದ ನಮ್ಮವರ ಗಾಡಿ ತಿರುಗುವುದು ಅತ್ತಲೇ. ತಮ್ಮಾ, ತಂಗಿ, ಎರಡು ತಿಂಗಳು ಸಿಕ್ಕರೆ ಇದನ್ನು ಹುಡುಕಿ ನೋಡಿ: ಸತ್ತಿಯ ಕಬ್ಬಿನ ಗದ್ದೆಯಲ್ಲಿ ಹಾವು ಕಡಿದು, ಮಿರಜಿನ ವಾರ್ಡಿನಲ್ಲಿ ಕಣ್ಣು ಮುಚ್ಚಿದವನ ಹೆಸರು ಯಾವ ರಾಜ್ಯದ ರಿಜಿಸ್ಟರಿನಲ್ಲಿದೆ?