ಕ್ಯಾಂಪಿನವರ ಮತ

ಚುನಾವಣೆಯ ಫಲಿತಾಂಶ ಹೊರಬಿದ್ದ ಮರುದಿನ ರಾಯಚೂರು ಜಿಲ್ಲೆಯ ಈ ಭಾಗದಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಗೆದ್ದವರ ಕಡೆಯವರು “ಕ್ಯಾಂಪಿನವರು ಕೈಹಿಡಿದರು” ಎನ್ನುತ್ತಾರೆ. ಸೋತವರ ಕಡೆಯವರು “ಕ್ಯಾಂಪಿನವರು ಕೈಕೊಟ್ಟರು” ಎನ್ನುತ್ತಾರೆ. ಎರಡೂ ಒಂದೇ ನಂಬಿಕೆಯ ಎರಡು ಮುಖಗಳು. ಹೊರಗಿನಿಂದ ಬಂದು ನೆಲಸಿದ ಜನ ಒಟ್ಟಾಗಿ ಒಂದು ಕಡೆಗೆ ವಾಲುತ್ತಾರೆ, ಅವರು ವಾಲಿದ ಕಡೆಗೆ ತಕ್ಕಡಿ ಇಳಿಯುತ್ತದೆ ಎಂಬುದೇ ಆ ನಂಬಿಕೆ. ಹಟ್ಟಿಯಲ್ಲಿ ಬಾಳುತ್ತ, ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನಡುವೆ ಓಡಾಡುತ್ತ ಈ ಮಾತನ್ನು ಹಲವು ವರ್ಷಗಳಿಂದ ಕೇಳಿರುವ ನನಗೆ, ಅದರಲ್ಲಿ ನಿಜವೆಷ್ಟು, ಸೋಮಾರಿತನದ ಲೆಕ್ಕವೆಷ್ಟು ಎಂದು ಕೊಂಚ ನಿಧಾನವಾಗಿ ಪರಿಶೀಲಿಸಬೇಕೆನ್ನಿಸಿದೆ.

ದೂರದ ಓದುಗರಿಗೆ ‘ಕ್ಯಾಂಪು’ ಎಂದರೇನೆಂದು ಮೊದಲು ಹೇಳಬೇಕು. 1953ರಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಹರಿದಾಗ ಈ ಸೀಮೆ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಎರೆಭೂಮಿಯಲ್ಲಿ ಜೋಳ ಬೆಳೆದು ಮುಗಿಲನ್ನು ನೋಡುತ್ತಿದ್ದ ಇಲ್ಲಿಯ ರೈತನಿಗೆ ಕೆಸರುಗದ್ದೆಯ ಬೇಸಾಯದ ರೂಢಿಯಿರಲಿಲ್ಲ. ಅದಕ್ಕೆ ಹೂಡಬೇಕಾದ ಹಣವೂ ಇರಲಿಲ್ಲ. ಎರಡೂ ಇದ್ದವರು ಕೃಷ್ಣಾ, ಗೋದಾವರಿ, ಗುಂಟೂರು ಸೀಮೆಗಳ ತೆಲುಗು ಒಕ್ಕಲಿಗರು. ಅಲ್ಲಿಯ ತುಂಡು ಭೂಮಿಯನ್ನು ಮಾರಿ ಬಂದ ಹಣಕ್ಕೆ ಇಲ್ಲಿ ಅದರ ಹಲವು ಪಟ್ಟು ನೆಲ ಸಿಕ್ಕಿತು. ಕಾಲುವೆಯ ಮಗ್ಗುಲಲ್ಲಿ ಗುಡಿಸಲು ಹಾಕಿದರು, ನೆಲವನ್ನು ಮಟ್ಟ ಮಾಡಿದರು, ಭತ್ತ ಬೆಳೆದರು. ಸಿಂಧನೂರು ಭತ್ತದ ಕಣಜವೆನಿಸಿದ್ದು ಹೀಗೆ. ಗಾಂಧಿನಗರದಂತಹ ಊರುಗಳು ಹುಟ್ಟಿದ್ದೂ ಹೀಗೆಯೇ.

1970ರ ದಶಕದ ಆರಂಭದಲ್ಲಿ ಇನ್ನೊಂದು ಬಗೆಯ ಜನ ಬಂದರು. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಹಿಂದೂ ನಿರಾಶ್ರಿತರನ್ನೂ ಬರ್ಮಾದಿಂದ ಮರಳಿದ ಕುಟುಂಬಗಳನ್ನೂ ಸರ್ಕಾರವೇ ಸಿಂಧನೂರು ತಾಲ್ಲೂಕಿನಲ್ಲಿ ನೆಲೆಗೊಳಿಸಿ ಭೂಮಿ ಕೊಟ್ಟಿತು. ಇವರ ವಸತಿಗಳಿಗೆ ಹೆಸರಿಡುವ ಗೋಜಿಗೂ ಯಾರೂ ಹೋಗಲಿಲ್ಲ; ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು ಎಂದು ಎಣಿಸಿದರು, ಅಷ್ಟೆ. ಕ್ಯಾಂಪೆಂದರೆ ಇಂದಲ್ಲ ನಾಳೆ ಎತ್ತಿಬಿಡುವ ಬಿಡಾರ. ಮೊಮ್ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿತು, ಕನ್ನಡದಲ್ಲಿ ಜಗಳವಾಡಿ, ಕನ್ನಡದಲ್ಲೇ ವ್ಯಾಪಾರ ಮಾಡುತ್ತಿರುವ ಈ ಹೊತ್ತಿನಲ್ಲೂ ಆ ಹೆಸರು ಅಳಿದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಸಿಂಧನೂರು ವಿಧಾನಸಭಾ ಕ್ಷೇತ್ರ 2008ರಲ್ಲಿ ಜನತಾದಳದ ವೆಂಕಟರಾವ್ ನಾಡಗೌಡರನ್ನು ಆರಿಸಿತು. 2013ರಲ್ಲಿ ಕಾಂಗ್ರೆಸ್ಸಿನ ಹಂಪನಗೌಡ ಬಾದರ್ಲಿಯವರನ್ನು. 2018ರಲ್ಲಿ ಮತ್ತೆ ನಾಡಗೌಡರನ್ನು. 2023ರಲ್ಲಿ ಮತ್ತೆ ಬಾದರ್ಲಿಯವರನ್ನು. 2018ರ ಗೆಲುವಿನ ಅಂತರ ಎರಡು ಸಾವಿರ ಮತಗಳನ್ನೂ ಮುಟ್ಟಲಿಲ್ಲ. ಗಡಿಯಾರದ ಲೋಲಕದಂತೆ ಅತ್ತಿತ್ತ ತೂಗುವ ಇಂತಹ ಕ್ಷೇತ್ರದಲ್ಲಿ ನಾಲ್ಕಾರು ಕ್ಯಾಂಪುಗಳು ಒಂದಾದರೆ ಫಲಿತಾಂಶ ಬದಲಾಗುತ್ತದೆಂಬುದು ಅಂಕಗಣಿತದ ಮಾತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಂತರ ಎರಡು ಸಾವಿರವಿದ್ದಾಗ ಕುರುಬರು, ನಾಯಕರು, ಲಿಂಗಾಯತರು, ಮುಸಲ್ಮಾನರು, ದಲಿತರು, ಇವರಲ್ಲಿ ಯಾರು ತಾನೆ ಫಲಿತಾಂಶವನ್ನು ಬದಲಾಯಿಸಲಾರರು? ಎಲ್ಲರ ಮತವೂ ನಿರ್ಣಾಯಕವಾಗಿರುವಾಗ ಕ್ಯಾಂಪಿನವರದು ಮಾತ್ರ ‘ನಿರ್ಣಾಯಕ’ವೆನಿಸಿಕೊಳ್ಳುವುದೇಕೆ? ಉಳಿದವರು ಮನೆಯವರು, ಇವರು ಅತಿಥಿಗಳು ಎಂಬ ಭಾವನೆಯಿಂದಲ್ಲವೆ? ಮನೆಯವನು ಮನಸ್ಸು ಬದಲಾಯಿಸಿದರೆ ಅದು ಅಭಿಪ್ರಾಯ. ಅತಿಥಿ ಬದಲಾಯಿಸಿದರೆ ಅದು ಕೈಕೊಟ್ಟಂತೆ.

ಇದು ನಮ್ಮ ತಾಲ್ಲೂಕಿನ ವಿಶೇಷವೇನಲ್ಲ. ಅಮೆರಿಕದಲ್ಲಿ ಸ್ಪಾನಿಷ್ ಭಾಷಾಮೂಲದ ಜನರನ್ನು ಹಿಸ್ಪಾನಿಕರೆಂದು ಒಟ್ಟಿಗೆ ಕರೆಯುತ್ತಾರೆ. 2024ರ ಹೊತ್ತಿಗೆ ಅವರಲ್ಲಿ ಮತದಾನಕ್ಕೆ ಅರ್ಹರಾದವರು ಮೂರೂವರೆ ಕೋಟಿಗೂ ಹೆಚ್ಚು. ಎರಡು ಪಕ್ಷಗಳ ನಡುವೆ ತೂಗಾಡುವ ಅರಿಜೋನಾ ರಾಜ್ಯದಲ್ಲಿ ಅರ್ಹ ಮತದಾರರ ಸುಮಾರು ಕಾಲುಭಾಗ ಅವರೇ. 2020ರಲ್ಲಿ ಆ ರಾಜ್ಯವನ್ನು ಬೈಡನ್ ಗೆದ್ದದ್ದು ಕೇವಲ 10,457 ಮತಗಳಿಂದ. ಹಿಸ್ಪಾನಿಕರು ಗೆಲ್ಲಿಸಿದರೆಂದು ಪಂಡಿತರು ಬರೆದರು. ನಾಲ್ಕು ವರ್ಷಗಳ ಬಳಿಕ ಅದೇ ರಾಜ್ಯ 1 ಲಕ್ಷ 87 ಸಾವಿರ ಮತಗಳ ಅಂತರದಿಂದ ಟ್ರಂಪ್ ಕಡೆಗೆ ವಾಲಿತು. ಟೆಕ್ಸಾಸಿನ ಗಡಿಯಲ್ಲಿ, ನೂರಕ್ಕೆ ತೊಂಬತ್ತೇಳು ಜನ ಹಿಸ್ಪಾನಿಕರೇ ಇರುವ ಸ್ಟಾರ್ ಕೌಂಟಿ 1892ರ ಅನಂತರ ಮೊದಲ ಬಾರಿಗೆ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಬಹುಮತ ಕೊಟ್ಟಿತು. ಆಗ ಅದೇ ಪಂಡಿತರು ‘ಹಿಸ್ಪಾನಿಕ ಮತ’ ಎಲ್ಲಿ ಹೋಯಿತೆಂದು ಹುಡುಕತೊಡಗಿದರು.

ಹುಡುಕುವ ವಸ್ತು ಅಲ್ಲಿ ಒಂದಾಗಿರಲೇ ಇಲ್ಲ. ಕ್ಯಾಸ್ಟ್ರೋನ ಕ್ರಾಂತಿಗೆ ಹೆದರಿ 1959ರ ಬಳಿಕ ಫ್ಲಾರಿಡಾಕ್ಕೆ ಬಂದ ಕ್ಯೂಬದವನ ಭಯವೇ ಬೇರೆ. ಹುಟ್ಟಿನಿಂದಲೇ ಅಮೆರಿಕದ ಪೌರನಾಗಿದ್ದರೂ, ದ್ವೀಪದಲ್ಲಿರುವ ತನಕ ಅಧ್ಯಕ್ಷನಿಗೆ ಮತ ಹಾಕಲಾರದ ಪೋರ್ಟೋರಿಕೋದವನ ಕೊರಗೇ ಬೇರೆ. ಮೆಕ್ಸಿಕೋ ಮೂಲದ ಎಷ್ಟೋ ಮನೆತನಗಳಂತೂ ಗಡಿಯನ್ನು ದಾಟಿ ಬಂದವರೇ ಅಲ್ಲ. 1848ರ ಒಪ್ಪಂದದಿಂದ ಗಡಿಯೇ ಅವರನ್ನು ದಾಟಿ ಹೋಯಿತು. ರಾಯಚೂರಿನವರಿಗೆ ಈ ಮಾತು ಸುಲಭವಾಗಿ ಅರ್ಥವಾಗಬೇಕು. 1956ರ ನವೆಂಬರ್ 1ರಂದು ನಾವು ಕೂತಲ್ಲಿಯೇ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದವರಲ್ಲವೆ? ಆ ದಿನಕ್ಕೆ ಮೊದಲು ಬಂದ ತೆಲುಗು ರೈತ ಒಂದೇ ರಾಜ್ಯದ ಒಂದು ಮೂಲೆಯಿಂದಲೋ ಪಕ್ಕದ ರಾಜ್ಯದಿಂದಲೋ ಬಂದಿದ್ದ. ಗೆರೆ ಎಳೆದ ಮೇಲೆ ಎಲ್ಲರೂ ‘ಆಂಧ್ರದವರು’ ಆದರು.

ನಮ್ಮ ಕ್ಯಾಂಪುಗಳೂ ಹಾಗೆಯೇ ಒಂದಲ್ಲ. ತೆಲುಗು ಕ್ಯಾಂಪಿನ ಜಮೀನ್ದಾರನ ಚಿಂತೆ ಕಾಲುವೆಯ ನೀರು, ಭತ್ತದ ಧಾರಣೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟಿನ ಸರಪಳಿ ಕಡಿದು ನೀರು ಹೊಳೆಪಾಲಾದಾಗ ಅವನಿಗಾದ ನಿದ್ರೆಗೇಡು, ಕಾಲುವೆಯ ಕೊನೆಯಂಚಿನ ಕನ್ನಡ ರೈತನದೂ ಆಗಿತ್ತು. ಬಂಗಾಳಿ ಕ್ಯಾಂಪಿನವನ ಚಿಂತೆ ಮತ್ತೊಂದು. ಅಲ್ಲಿ ಬಹುಮಂದಿ ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯವರು, ಕರ್ನಾಟಕದ ಪಟ್ಟಿಯಲ್ಲಿ ಇಲ್ಲದವರು. ದುರ್ಗಾಪೂಜೆಯ ಜೊತೆಗೆ ಅಜ್ಜ ತಂದ ಜಾತಿ ಉಳಿದಿದೆ, ಅದರ ಪ್ರಮಾಣಪತ್ರ ದಾರಿಯಲ್ಲಿ ಕಳೆದುಹೋಗಿದೆ. ಈ ಇಬ್ಬರನ್ನೂ ‘ಕ್ಯಾಂಪಿನವರು’ ಎಂಬ ಒಂದೇ ಚೀಲಕ್ಕೆ ತುಂಬಿ ತೂಗುವವನು ತೂಕವನ್ನು ತಿಳಿಯಬಹುದು, ಚೀಲದೊಳಗೇನಿದೆಯೆಂಬುದನ್ನು ತಿಳಿಯಲಾರ.

ಹಾಗಾದರೆ ಮತ ತಿರುಗುವುದು ಯಾವುದರಿಂದ? ನೆರೆಯ ಮಸ್ಕಿ ಇದಕ್ಕೆ ಉತ್ತರ ಕೊಟ್ಟಿದೆ. 2018ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಭಾಜಪದ ಬಸನಗೌಡ ತುರ್ವಿಹಾಳರನ್ನು ಸೋಲಿಸಿದ್ದು ಬರಿಯ 213 ಮತಗಳಿಂದ. ಅನಂತರ ಗೆದ್ದವರು ಪಕ್ಷ ಬಿಟ್ಟು ಭಾಜಪಕ್ಕೆ ಹೋದರು, ಸೋತವರು ಕಾಂಗ್ರೆಸ್ಸಿಗೆ ಬಂದರು. 2021ರ ಏಪ್ರಿಲಿನ ಉಪಚುನಾವಣೆಯಲ್ಲಿ ಅದೇ ಇಬ್ಬರು ಅಂಗಿ ಬದಲಾಯಿಸಿಕೊಂಡು ಎದುರಾದಾಗ ತುರ್ವಿಹಾಳರು 30,606 ಮತಗಳಿಂದ ಗೆದ್ದರು. ನಡುವೆ ಜನರ ಜಾತಿ ಬದಲಾಗಿರಲಿಲ್ಲ, ಭಾಷೆ ಬದಲಾಗಿರಲಿಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ತಿಂಗಳುಗಟ್ಟಲೆ ಧರಣಿ ಕೂತಿದ್ದರು. ತಾವು ಆರಿಸಿ ಕಳಿಸಿದವನು ತಮ್ಮನ್ನು ಕೇಳದೆ ಪಕ್ಷ ಬಿಟ್ಟನೆಂಬ ಸಿಟ್ಟಿತ್ತು. ನೀರು ಮತ್ತು ಮರ್ಯಾದೆ, ಈ ಎರಡರ ಮುಂದೆ ಗುಂಪಿನ ಲೆಕ್ಕಗಳು ನಿಲ್ಲಲಿಲ್ಲ.

ನನ್ನ ಹಟ್ಟಿಯದೂ ಇಂತಹುದೇ ಸಾಕ್ಷ್ಯ. ಚಿನ್ನದ ಗಣಿಯ ಕಾರ್ಮಿಕ ಸಂಘಕ್ಕೆ ಚುನಾವಣೆ ನಡೆದಾಗ ಎಐಟಿಯುಸಿ, ಸಿಐಟಿಯು, ಟಿಯುಸಿಐ ಎಂಬ ಕೆಂಬಾವುಟದ ಸಂಘಗಳೇ ಪರಸ್ಪರ ಸೆಣಸುತ್ತವೆ. ಅದೇ ಊರು ಸೇರಿದ ಲಿಂಗಸುಗೂರು ಕ್ಷೇತ್ರ 2008ರಿಂದ ಭಾಜಪ, ಜನತಾದಳ, ಕಾಂಗ್ರೆಸ್, ಮತ್ತೆ ಭಾಜಪ ಎಂದು ಶಾಸಕರನ್ನು ಕಳಿಸಿದೆ. ಗಣಿಯೊಳಗೆ ಕೂಲಿ, ಬೋನಸ್ಸುಗಳನ್ನು ನೆನೆದು ಒಬ್ಬರಿಗೆ ಓಟು ಹಾಕಿದ ಮನುಷ್ಯನೇ ಮೇಲೆ ಬಂದು ಬೇರೊಂದನ್ನು ನೆನೆದು ಇನ್ನೊಬ್ಬರಿಗೆ ಹಾಕುತ್ತಾನೆ. ಒಬ್ಬ ಮನುಷ್ಯನೇ ಎರಡು ಪೆಟ್ಟಿಗೆಗಳ ಮುಂದೆ ಇಬ್ಬರಾಗುವಾಗ, ಸಾವಿರ ಜನ ಒಂದು ಪೆಟ್ಟಿಗೆಯ ಮುಂದೆ ಒಬ್ಬನೇ ಆಗುತ್ತಾರೆಂದು ನಂಬುವುದು ಹೇಗೆ?

ಯಾರ ಮತ ಗೆಲ್ಲಿಸಿತೆಂಬ ಚರ್ಚೆಯಲ್ಲಿ ನಾವು ಕೇಳದೆ ಬಿಡುವ ಪ್ರಶ್ನೆ ಇನ್ನೊಂದಿದೆ: ಯಾರ ಮತ ಪೆಟ್ಟಿಗೆಗೆ ಬರಲೇ ಇಲ್ಲ? ಬಂಗಾಳಿ ಕ್ಯಾಂಪಿನ ಎಲ್ಲರ ಕಾಗದಪತ್ರ ಒಂದೇ ಬಗೆಯವಲ್ಲ. ಪೌರತ್ವ ದೃಢಪಡದವನಿಗೆ ಮತವಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು ಹೊರಬಂದದ್ದು 2024ರ ಮಾರ್ಚ್ 11ರಂದು. ಆ ವರ್ಷವೇ ಸಿಂಧನೂರಿನ ಕ್ಯಾಂಪುಗಳ ಕೆಲವರಿಗೆ ಪೌರತ್ವ ಸಿಕ್ಕಿತು. ಹೆಸರಿಲ್ಲದ ಕ್ಯಾಂಪಿನಲ್ಲಿ ಬಾಳಿ ಮುದುಕರಾದವರ ಹೆಸರು ಕಡೆಗೊಮ್ಮೆ ಪಟ್ಟಿಗೆ ಸೇರುವ ಹಾದಿ ತೆರೆಯಿತೆನ್ನೋಣ.

ಇವರು ಬಂದು ಮತವಿಲ್ಲದವರು. ಮತವಿದ್ದೂ ಹೋದವರು ಬೇರೆ ಇದ್ದಾರೆ. ಲಿಂಗಸುಗೂರು, ಮಸ್ಕಿ, ದೇವದುರ್ಗಗಳ ಒಣಭೂಮಿಯ ಹಳ್ಳಿಗಳಿಂದ ಸುಗ್ಗಿ ಮುಗಿದೊಡನೆ ಜನ ಬೆಂಗಳೂರು, ಪುಣೆ, ಗೋವೆಗಳಿಗೆ ಗುಳೆ ಹೋಗುತ್ತಾರೆ. 2018ರ ಮತದಾನ ಮೇ 12ರಂದು, 2023ರದು ಮೇ 10ರಂದು, 2024ರ ಲೋಕಸಭೆಯದು ನಮ್ಮಲ್ಲಿ ಮೇ 7ರಂದು ನಡೆಯಿತು. ಮೂರೂ ಗುಳೆಯ ನಡುಹೊತ್ತು. ಐವತ್ತು ಆಸನಗಳ ನಾಲ್ಕು ಬಸ್ಸುಗಳು ತುಂಬಿ ಇನ್ನು ಹದಿಮೂರು ಜನ ನಿಂತರೆ 213 ಆಗುತ್ತದೆ. ಒಂದೆರಡು ಹಳ್ಳಿಗಳ ಗುಳೆ ಅಷ್ಟಿರುತ್ತದೆ. ಹೊರಗಿರುವವರು ಇದ್ದಲ್ಲಿಂದಲೇ ಮತ ಹಾಕುವ ಯಂತ್ರವೊಂದನ್ನು ಚುನಾವಣಾ ಆಯೋಗ 2022ರ ಡಿಸೆಂಬರಿನಲ್ಲಿ ಮುಂದಿಟ್ಟಿತು. ಅನೇಕ ಪಕ್ಷಗಳು ಸಂಶಯಪಟ್ಟವು. 2024ರ ಚುನಾವಣೆ ಅದಿಲ್ಲದೆಯೇ ಮುಗಿಯಿತು.

ಪುಣೆಯ ಕಟ್ಟಡದ ಮೇಲೆ ಇಟ್ಟಿಗೆ ಹೊರುವ ನಮ್ಮ ಲಿಂಗಸುಗೂರಿನವನು ಅಲ್ಲಿಯ ಜನರ ಕಣ್ಣಿಗೆ ಕ್ಯಾಂಪಿನವನೇ. ನಾಳೆ ಅವನ ಮಗ ಅಲ್ಲಿಯೇ ನೆಲೆಸಿ, ಅಲ್ಲಿಯ ಪಟ್ಟಿಯಲ್ಲಿ ಹೆಸರು ಬರೆಸಿದರೆ, ಅವನನ್ನು ಕನ್ನಡದವರ ಗುಂಪೆಂದು ಎಣಿಸದೆ ನೀರು, ಕೂಲಿ, ಶಾಲೆಗಳನ್ನು ಕೇಳುವ ಒಬ್ಬ ಪೌರನೆಂದು ಎಣಿಸಲಿ ಎಂದೇ ನಾವು ಬಯಸುತ್ತೇವೆ. ಆ ಬಯಕೆ ನ್ಯಾಯವಾದುದು. ಅದನ್ನು ಸಿಂಧನೂರಿನ ಕ್ಯಾಂಪಿನವನಿಗೂ ಸಲ್ಲಿಸಿದರೆ, ಮುಂದಿನ ಚುನಾವಣೆಯ ಮರುದಿನ ನಮ್ಮ ಮಾತು ಕೊಂಚ ಬೇರೆಯಾದೀತು.